ಅಂಗಡಿಯ ಕುಲಾವಿ

ಹರಿಹರ
೨೮-೧೧-೧೯೫೯, ಶನಿವಾರ

ಪ್ರೀತಿಯ ಅಣ್ಣಾ,

ನಿನ್ನ ತಂಗಿಯ ನಮಸ್ಕಾರ. ಮೊಣಕಾಲು ನೋವು ಹೇಗಿದೆ? ಬೀರೂರಿನ ಚಳಿಯಲ್ಲಿ ಹಳಿ ಬದಲಿಸುತ್ತಾ ನಿಲ್ಲುವವನು ಕಿವಿಗೆ ಮಫ್ಲರ್ ಸುತ್ತಿಕೊಳ್ಳುತ್ತೀಯೋ ಇಲ್ಲವೋ. ಊಟ ಇನ್ನೂ ಸ್ಟೇಷನ್ ಎದುರಿನ ಹೋಟೆಲಿನಲ್ಲೇ ಇರಬೇಕು. ಮದುವೆ ಮಾಡಿಕೋ ಎಂದು ಇನ್ನು ನಾನು ಹೇಳುವುದಿಲ್ಲ, ಹೇಳಿ ಹೇಳಿ ನನ್ನ ತಲೆಯಲ್ಲೇ ನಾಲ್ಕು ಕೂದಲು ಬೆಳ್ಳಗಾದವು. ನಮ್ಮ ಮನೆಯವರು ಚೆನ್ನಾಗಿದ್ದಾರೆ, ಕಾರ್ಖಾನೆಯ ಸೈರನ್ನಿಗೆ ಏಳುತ್ತಾರೆ, ಸೈರನ್ನಿಗೆ ಮಲಗುತ್ತಾರೆ. ನೀನು ಈ ಬಾಗಿಲಿಗೆ ಬಂದು ಎರಡು ದೀಪಾವಳಿ ಕಳೆದವು. ಪುಕ್ಕಟೆ ರೈಲ್ವೆ ಪಾಸು ಇಟ್ಟುಕೊಂಡವನಿಗೆ ಹರಿಹರ ಅಷ್ಟು ದೂರವೇ?

ಯಾಕೆ ಬರುತ್ತಿಲ್ಲ ಎಂದು ನನಗೆ ಗೊತ್ತು. ಟ್ರಂಕಿನ ತುಂಬ ಕುಲಾವಿ ನೋಡಿ, ಇವನ್ನು ಅಂಗಡಿಗೆ ಕೊಡುತ್ತೇನೆ ಎಂದು ನಾನು ಹೇಳಿದ್ದಕ್ಕೆ ನೀನು ಎಲೆಯ ಮುಂದಿನಿಂದ ಎದ್ದು ನಿಂತೆ. "ಅವ್ವ ಪುಕ್ಕಟೆ ಹೊಲಿದು ಕೊಡ್ತಿದ್ದುದನ್ನ ನೀ ಬಜಾರದಾಗ ಮಾರ್ತೀಯೇನು? ಅಂಥಾ ತಂಗಿ ಮನೆಗೆ ನಾ ಬರಲ್ಲ" ಅಂದೆ. ಅವ್ವ ಹದಡಿಯ ಅರ್ಧ ಊರಿನ ಕೂಸುಗಳ ತಲೆಗೆ ಕುಲಾವಿ ಹೊಲಿದಳು, ನಿಜ. ಬಂದದ್ದೇನು? ಎರಡು ಎಲೆ, ಒಂದು ಅಡಿಕೆ, ಕೊನೆಗೆ ಕಣ್ಣಿನ ಪೊರೆ. ನನಗೆ ಹೊಟ್ಟೆಗೆ ಬಟ್ಟೆಗೆ ಏನೂ ಕಡಿಮೆ ಇಲ್ಲ ಅಣ್ಣಾ. ಈ ಕೆಲಸವೂ ಒಂದು ಕೆಲಸ, ಇದಕ್ಕೂ ಒಂದು ಬೆಲೆ ಇದೆ ಎಂದು ಒಬ್ಬನೇ ಒಬ್ಬ ಅಂಗಡಿಯವನು ಒಪ್ಪಬೇಕು, ಅಷ್ಟೇ ನನ್ನ ಆಸೆ. ಅದಕ್ಕಾಗಿ ನಾನು ಪಟ್ಟ ಪಾಡು ಕೇಳು, ಬೇಕಾದರೆ ಸಂತೋಷಪಡು.

ಮೊದಲು ಇಲ್ಲೇ ಹರಿಹರದಲ್ಲಿ, ದೇವಸ್ಥಾನದ ಬೀದಿಯ ಜವಳಿ ಅಂಗಡಿಗೆ ಹೋದೆ. ಯಜಮಾನ ಕುಲಾವಿಯನ್ನು ಬೆರಳಿಗೆ ಸಿಕ್ಕಿಸಿಕೊಂಡು ತಿರುಗಿಸಿ, ಕುಲಾವಿ ಎಂದರೆ ಎಲ್ಲರೂ ಆಡುವ ಆ ಹಳೇ ಮಾತನ್ನೇ ಆಡಿ ನಕ್ಕ. ಅದನ್ನು ಬರೆದು ಕಾಗದ ಹಾಳು ಮಾಡುವುದಿಲ್ಲ. ನಗುವಿಗೆ ನಾನು ಹೆದರುವವಳಲ್ಲ. ಆದರೆ ಒಳಗಿನಿಂದ ಅವನ ಹೆಂಡತಿ, ನನಗೆ ಕೇಳಲೆಂದೇ, "ಹನ್ನೊಂದು ವರ್ಸ ಆತು, ಮಡಿಲು ತುಂಬಿಲ್ಲ. ಆಕಿ ಹೊಲಿದಿದ್ದನ್ನ ಯಾವ ಕೂಸಿನ ತಲೆಗೆ ಹಾಕ್ತಾರೆ" ಅಂದಳು. ಕುಲಾವಿಗಳನ್ನು ಸೆರಗಿಗೆ ಸುರಿದುಕೊಂಡು ಬಂದುಬಿಟ್ಟೆ. ಮನೆಗೆ ಬಂದು ಒಲೆಯ ಮುಂದೆ ಕೂತು ಅತ್ತೆ. ಹೊಗೆಗೆ ಕಣ್ಣು ಉರಿಯಿತು ಎಂದು ಇವರಿಗೆ ಹೇಳಿದೆ.

ಗುರುತಿಲ್ಲದ ಊರೇ ವಾಸಿ ಎಂದು ದಾವಣಗೆರೆಗೆ ಹೋದೆ, ಪಕ್ಕದ ಮನೆಯ ಖತೀಜಾಬೀ ಜೊತೆಗೆ. ನನ್ನ ಕುಲಾವಿಗಳಿಗೆ ಜರಿ ಅಂಚು ಕಟ್ಟುವವರು ಅವರೇ, ರೈಲಿನಲ್ಲಿ ಅಂಗಡಿಯವರ ಜೊತೆ ಮಾತಾಡುವ ಪಾಠ ಹೇಳಿಕೊಟ್ಟವರೂ ಅವರೇ. "ಮೆತ್ತಗೆ ಮಾತಾಡಿದ್ರೆ ದುಕಾನ್‌ದವರು ನೆತ್ತಿ ಮ್ಯಾಲೆ ಕೂಡ್ತಾರೆ" ಅಂದರು. ಚೌಕಿಪೇಟೆಯಲ್ಲಿ ಏಳು ಅಂಗಡಿ ಹತ್ತಿ ಇಳಿದೆವು. ಒಬ್ಬ ಬೊಂಬಾಯಿ ಮಾಲೇನು ಎಂದು ಕೇಳಿ, ಹರಿಹರದ್ದು ಎಂದ ತಕ್ಷಣ ಗಂಟು ಕಟ್ಟಿ ಕೈಗೆ ಕೊಟ್ಟ. ಇನ್ನೊಬ್ಬನ ಜಗುಲಿಯ ಟೈಲರು ನಮ್ಮನ್ನು ನೋಡಿ ಮಿಷನ್ನಿನ ಸದ್ದು ಜೋರು ಮಾಡಿದ. ಎಂಟನೆಯವರು ಅಂಜಿನಪ್ಪ ಅಂತ, ವಯಸ್ಸಾದವರು. "ಬರ್ರಿ, ಕೂಡ್ರಿ" ಎಂದು ಸ್ಟೂಲು ಹಾಕಿಸಿದರು. ಹೊಲಿಗೆಯನ್ನು ಕನ್ನಡಕದ ಹತ್ತಿರ ಹಿಡಿದು ನೋಡಿ ಒಂದು ಡಜನ್ ಇಟ್ಟುಕೊಂಡರು, ಮಾರಿ ನೋಡೋಣ ಎಂದು. ವಾಪಸು ಬರುವಾಗ ರೈಲಿನಲ್ಲಿ ನಾವಿಬ್ಬರೂ ಒಂದು ಸೇರು ಕಡಲೆಕಾಯಿ ತಿಂದೆವು.

ತಿಂಗಳು ಬಿಟ್ಟು, ಈ ಮಂಗಳವಾರ, ಹೋಗಿ ನೋಡುತ್ತೇನೆ, ಅಂಗಡಿಯಲ್ಲಿ ಒಂದು ಕುಲಾವಿಯೂ ಕಾಣಲಿಲ್ಲ. ಎಲ್ಲ ಮಾರಿಹೋದವೆಂದು ಎದೆ ಹಿಗ್ಗಿತು. ಅಂಜಿನಪ್ಪನವರು ಎದ್ದು, ಹೆಣಕ್ಕೆ ಹೊದಿಸುವ ಬಿಳಿ ಬಟ್ಟೆಯ ಥಾನು ಎತ್ತಿ, ಅದರ ಅಡಿಯಿಂದ ನನ್ನ ಗಂಟು ತೆಗೆದರು! ಕೂಸಿನ ತಲೆಗೆ ಹಾಕುವುದನ್ನು ಇಡಲು ಇವರಿಗೆ ಸಿಕ್ಕಿದ ಜಾಗ ನೋಡು. ಮೈಯೆಲ್ಲ ಉರಿದುಹೋಯಿತು. ಬಾಯಿಗೆ ಬಂದದ್ದು ಅಂದೆ. ಖತೀಜಾಬೀ ಕೂಡ "ತೋಬಾ" ಎಂದು ಕಿವಿ ಮುಟ್ಟಿಕೊಂಡರು. ಆ ಮನುಷ್ಯನಿಗೆ ಸಿಟ್ಟೇ ಬರಲಿಲ್ಲ. "ಅದು ಧೂಳು ಕೂಡದ ಜಾಗ ಕಣಮ್ಮ, ಆ ಥಾನು ದಿನಾ ತೆಗೀತೀವಿ" ಅಂದರು. ಆಮೇಲೆ ಸಮಾಧಾನವಾಗಿ, "ನಿನ್ನ ಕೈ ಚಲೋ ಐತೆ. ಆದ್ರೆ ಕುಲಾವಿ ತವರಿಂದ ಬರಬೇಕಲ್ಲವ್ವ. ಬಾಣಂತಿ ಅಂಗಡ್ಯಾಗ ಕೊಂಡ್ರೆ ತನಗೆ ತವರಿಲ್ಲ ಅಂತ ಊರಿಗೆಲ್ಲಾ ಸಾರಿದಂಗೆ. ಎರಡು ಹೋಗ್ಯಾವೆ. ಒಬ್ಬಾಕಿ ತಗಂಡು ಸೆರಗಿನ್ಯಾಗ ಮುಚ್ಚಿಗೊಂಡು ಹೋದ್ಲು" ಅಂದರು. ಸೆರಗಿನಲ್ಲಿ ಮುಚ್ಚಿಕೊಂಡು ಹೋದವಳು ಯಾರೋ ಏನೋ, ನನ್ನ ಕಣ್ಣಿಗೆ ಕಟ್ಟಿದ ಹಾಗೆ ಇದ್ದಾಳೆ.

ಮೆಟ್ಟಿಲು ಇಳಿದವಳು ಮತ್ತೆ ಹತ್ತಿದೆ. ಹೆಂಗಸರಿಗೆ ಬೇಡ, ಅಣ್ಣತಮ್ಮಂದಿರಿಗೆ ಮಾರಿ ಅಂದೆ. ತಂಗಿಯ ತೊಟ್ಟಿಲ ಶಾಸ್ತ್ರಕ್ಕೆ ಖಣ ಕೊಳ್ಳಲು ಗಂಡಸರು ಬಂದೇ ಬರುತ್ತಾರಲ್ಲ, ಖಣದ ಪಕ್ಕದಲ್ಲೇ ಇವನ್ನು ಇಡಿ. ಹೊಲಿದುಕೊಡುವ ಅವ್ವ ಇಲ್ಲದ, ಹೆಂಡತಿಯೂ ಇಲ್ಲದ ಅಣ್ಣ ಬರಿಗೈಯಲ್ಲಿ ಹೋಗಬೇಕೇನು? ಅವನು ಕೊಂಡು ತಂದರೆ ಅದು ತವರಿನದೇ ಅಲ್ಲವೇ? ಅಂಜಿನಪ್ಪನವರು ಕನ್ನಡಕ ತೆಗೆದು ನಕ್ಕರು. "ಗಂಡಸ್ರು ಬಂದು ಕುಲಾವಿ ಕೇಳ್ತಾರೇನವ್ವ? ಒಬ್ಬ ಕೇಳಲಿ, ನಿನ್ನ ಟ್ರಂಕೇ ತರಿಸ್ತೀನಿ" ಅಂದರು. ಉಳಿದ ಹತ್ತರಲ್ಲಿ ಆರು ಕುಲಾವಿ ಖಣದ ಪಕ್ಕಕ್ಕೆ ಬಂದಿವೆ, ಸಂಕ್ರಾಂತಿಯವರೆಗೆ ಮಾತ್ರ. ಆಮೇಲೆ ಗಂಟು ವಾಪಸು. ನನಗಂತೂ ಸಾಕಾಗಿದೆ ಅಣ್ಣಾ. ಒಪ್ಪದವರ ಮೇಲೆ ಸಿಟ್ಟು, ಒಪ್ಪಿಸಲಾರದ ನನ್ನ ಮೇಲೂ ಸಿಟ್ಟು, ಎಲ್ಲರಿಗಿಂತ ಹೆಚ್ಚಾಗಿ ನಿನ್ನ ಮೇಲೆ.

ಇವರು ನಿನಗೆ ನಮಸ್ಕಾರ ಹೇಳಿದ್ದಾರೆ. ಖತೀಜಾಬೀ ಸಲಾಂ ಹೇಳಿದ್ದಾರೆ, ನೀನು ಎದ್ದು ಹೋದ ಆ ಹೋಳಿಗೆ ಎಲೆಯನ್ನು ಅವರೂ ಮರೆತಿಲ್ಲ. ಮೊಣಕಾಲಿಗೆ ಎಳ್ಳೆಣ್ಣೆ ಬಿಸಿ ಮಾಡಿ ಹಚ್ಚಿಕೋ. ತಾಯಿ ಉಚ್ಚೆಂಗೆಮ್ಮ ನಿನ್ನನ್ನು ಕಾಯಲಿ.

ನಿನ್ನ ಹಟಮಾರಿ ತಂಗಿ,
ಮೈಲಮ್ಮ

ಮರೆತಿದ್ದೆ: ಸುಳ್ಳು, ಮರೆತಿರಲಿಲ್ಲ, ಬರೆಯಲು ನಾಚಿಕೆಯಾಯಿತು. ನನಗೆ ಈಗ ಆರು ತಿಂಗಳು. ಹನ್ನೊಂದು ವರ್ಷದ ಮೇಲೆ. ಅಂಜಿನಪ್ಪನವರ ಅಂಗಡಿಯ ಆ ಆರರಲ್ಲಿ ಹಸಿರು ಬಣ್ಣದ, ಕೆಂಪಂಚಿನ ಕುಲಾವಿ ಒಂದೇ ಇದೆ. ಅದು ಅವ್ವನ ಇಳಕಲ್ ಸೀರೆಯದು, ಬೇಕೆಂದೇ ಅಲ್ಲಿ ಇಟ್ಟು ಬಂದಿದ್ದೇನೆ. ಬೇರೆ ಯಾರ ಕಣ್ಣಿಗೂ ಬೀಳುವ ಮೊದಲು ದಾವಣಗೆರೆಯಲ್ಲಿ ಇಳಿದು, ನಾಲ್ಕು ಜನ ಗಿರಾಕಿಗಳು ಇರುವಾಗ, ತಂಗಿಗೆ ಒಂದು ಕುಲಾವಿ ಬೇಕು ಎಂದು ಗಟ್ಟಿಯಾಗಿ ಕೇಳು. ನಾನು ಹೊಲಿದದ್ದೆಂದು ಬಾಯಿ ಬಿಡಬೇಡ. ತೆಗೆದುಕೊಂಡು ಸೀದಾ ಮನೆಗೆ ಬಾ. ಬೆಲೆ ಹನ್ನೆರಡಾಣೆ. ಚೌಕಾಸಿ ಮಾಡಬೇಡ.