ಇಂಜಿನ್ ಬಂದ್ ಮಾಡಿ ಆಯ್ದ ವೈರ್‌ಲೆಸ್

ಗುಡ್ಡಗಾಡಿನ ಜೀಪುಗಳಿಗೆ ವೈರ್‌ಲೆಸ್ ಯಂತ್ರ ಆರಿಸಿಕೊಡುವ ಅಧಿಕಾರಿಗಳಿಗೆ

ಮಾನ್ಯರೇ,

ನೀವು ಆರಿಸಿದ ಯಂತ್ರ ನನ್ನ ಗಂಡನ ಮಾತನ್ನು ನನಗೆ ಮುಟ್ಟಿಸಿತು. ನನ್ನ ಮಾತನ್ನು ಅವರಿಗೆ ಮುಟ್ಟಿಸಲಿಲ್ಲ. ಅದರಿಂದ ಅವರು ಸತ್ತರು. ಇದನ್ನೇ ಮರಾಠಿಯಲ್ಲಿ ಬರೆದು ನಿಮ್ಮ ಕಚೇರಿಗೆ ಕಳಿಸಿದ್ದೆ, ಇಂಗ್ಲಿಷ್ ಬಲ್ಲವರಿಂದ ಬರೆಸಿಯೂ ಕಳಿಸಿದ್ದೆ. ಎರಡಕ್ಕೂ ಉತ್ತರವಿಲ್ಲ. ಈಗ ಅದೇ ಯಂತ್ರಗಳನ್ನು ಉಳಿದ ತಾಲೂಕುಗಳ ಜೀಪುಗಳಿಗೂ ತರಿಸುತ್ತೀರೆಂದು ಕೊಲ್ಲಾಪುರದಿಂದ ಬಂದವರು ಹೇಳಿದರು. ಆದ್ದರಿಂದ ನನ್ನ ತಾಯಿ ಕಲಿಸಿದ ಕನ್ನಡದಲ್ಲಿ, ಎಲ್ಲರೂ ಓದುವ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ. ನಿಮಗೆ ಕನ್ನಡ ಬಾರದಿದ್ದರೆ ಚಿಂತೆಯಿಲ್ಲ, ನಿಮ್ಮ ಕಚೇರಿಯ ಅರ್ಧ ಜನರ ಮನೆಮಾತು ಇದೇ.

ನಾನು ದಾದಿ. ನನ್ನ ಗಂಡ ಭೂಪಾಲ ಸಿಡುಬಿನ ಲಸಿಕೆಯ ಮೇಲ್ವಿಚಾರಕರಾಗಿದ್ದರು. ಗಡಹಿಂಗ್ಲಜದಿಂದ ಪಡುವಣಕ್ಕೆ, ಡಾಂಬರು ಮುಗಿದು ಚಕ್ಕಡಿಯ ಜಾಡೂ ಮುಗಿದ ಮೇಲೆ ಇರುವ ಊರುಗಳಿಗೆ ಎರಡು ಜೀಪುಗಳಲ್ಲಿ ಹೋಗುತ್ತಿದ್ದೆವು. ಒಂದನೆಯದರಲ್ಲಿ ಅವರು ಮತ್ತು ಚಾಲಕ ಯಲಗೂರಪ್ಪ, ಎರಡನೆಯದರಲ್ಲಿ ನಾನು ಮತ್ತು ಚಾಲಕ ನಾಮದೇವ. ಒಂದು ಜೀಪು ಇನ್ನೊಂದರ ಜೊತೆ ಮಾತಾಡುವಂತಾದರೆ ಒಳ್ಳೆಯದೆಂದು ತಾವು ಕೃಪೆ ಮಾಡಿದಿರಿ. ಆ ಕೃಪೆಗೆ ನಾವು ಅಂದು ಚಪ್ಪಾಳೆಯನ್ನೂ ತಟ್ಟಿದ್ದೆವು.

ಯಂತ್ರಗಳನ್ನು ಆರಿಸಿದ ದಿನ ನಾನೂ ಕೊಲ್ಲಾಪುರಕ್ಕೆ ಬಂದಿದ್ದೆ. ನಿಮಗೆ ನೆನಪಿರಲಿಕ್ಕಿಲ್ಲ. ಕಚೇರಿಯ ಹಿಂದಿನ ಮೈದಾನ, ಅಂಗೈಯಷ್ಟು ಸಮ. ಈ ತುದಿಗೆ ಒಂದು ಜೀಪು, ಆ ತುದಿಗೆ ಇನ್ನೊಂದು. ಜೋರಾಗಿ ಕೂಗಿದ್ದರೆ ಯಂತ್ರವಿಲ್ಲದೆಯೂ ಕೇಳುತ್ತಿತ್ತು. ಮೇಜಿನ ಮೇಲೆ ಎರಡು ಜಾತಿಯ ಯಂತ್ರಗಳಿದ್ದವು. ಒಂದು ಸೈನ್ಯದ ಪಲ್ಟಣಿನಿಂದ ಬಂದ ಹಳೆಯದು, ಬಣ್ಣ ಹೋದದ್ದು, ಇಬ್ಬರು ಎತ್ತಬೇಕಾದಷ್ಟು ಭಾರ. ಅದಕ್ಕೆ ತನ್ನದೇ ಬೇರೆ ಬ್ಯಾಟರಿ. ಇಂಜಿನ್ನಿನ ಕಿಡಿಯ ಸದ್ದು ಯಂತ್ರಕ್ಕೆ ನುಗ್ಗದಂತೆ ತಂತಿಗಳಿಗೆ ತೊಡಿಸುವ ಲೋಹದ ಕವಚವೂ ಜೊತೆಗಿತ್ತು. ಇನ್ನೊಂದು ಪರದೇಶದ್ದು, ಹೊಸದು, ತೆಳ್ಳಗಿನದು, ಮದುವೆಯಲ್ಲಿ ಮುಯ್ಯಿ ಕೊಡಬಹುದಾದಷ್ಟು ಚಂದ. ಅದು ಜೀಪಿನ ಬ್ಯಾಟರಿಯ ಮೇಲೆಯೇ ನಡೆಯುತ್ತಿತ್ತು. ಕವಚಗಿವಚ ಇರಲಿಲ್ಲ. ನೀವು ಚಂದದ್ದರಲ್ಲಿ ಮಾತಾಡಿದಿರಿ, ಮಾತು ಗಂಟೆಯಂತೆ ಕೇಳಿಸಿತು.

ನನ್ನ ಗಂಡನಿಗೆ ಸಂಶಯ ಬಂತು. ಅವರ ಅಣ್ಣನ ಮೋಟಾರಿನಲ್ಲಿ ರೇಡಿಯೋ ಇತ್ತು. ಗಾಡಿ ನಿಂತಾಗ ಹಾಡು, ಓಡುವಾಗ ಬರೀ ಗರಗರ. ಅದಕ್ಕೇ ಅವರು ಮುಂದೆ ಬಂದು, “ಇಂಜಿನ್ ಚಾಲೂ ಇಟ್ಟು ಒಮ್ಮೆ ನೋಡೋಣ್ರಿ ಸಾಹೇಬ್ರ. ಆಮ್ಯಾಲ ಗುಡ್ಡದಾಗೂ ಒಮ್ಮೆ ನೋಡೋಣು. ನಾವು ಮೈದಾನದಾಗ ಓಡಾಡೂದಿಲ್ಲಲ್ರಿ,” ಎಂದರು. ಯಲಗೂರಪ್ಪ ಕೀಲಿ ತಿರುವಿಯೂ ಬಿಟ್ಟ. ಇಂಜಿನ್ ಗುಡುಗಿತು. ಯಂತ್ರದಲ್ಲಿ ಕಡಲೆ ಹುರಿದಂತೆ ಸದ್ದೆದ್ದಿತು.

ನೀವು ಕೈ ಬೀಸಿದಿರಿ. “ಇಂಜಿನ್ ಬಂದ್ ಕರಾ! ಕಾಹೀಚ್ ಐಕೂ ಯೇತ್ ನಾಹೀ!”

ಇಂಜಿನ್ ನಿಲ್ಲಿಸಿ, ಏನೂ ಕೇಳಿಸುತ್ತಿಲ್ಲ ಎಂದಿರಿ. ಸ್ವಾಮಿ, ನಮ್ಮವರು ಹೇಳುತ್ತಿದ್ದುದೂ ಅದನ್ನೇ ಅಲ್ಲವೇ? ಪರೀಕ್ಷೆಯಲ್ಲಿ ಯಂತ್ರ ಸೋತಿತು, ನೀವು ಇಂಜಿನ್ ನಿಲ್ಲಿಸಿ ಅದನ್ನು ಗೆಲ್ಲಿಸಿದಿರಿ. ಓಡದ ಜೀಪಿಗೆ ವೈರ್‌ಲೆಸ್ ಯಾಕೆ ಬೇಕು? ಓಡದ ಜೀಪಿನಲ್ಲಿ ಕೂತವರಿಗೆ ಯಾವ ಅಪಾಯ ಬಂದೀತು? ಇವನ್ನು ಅಂದು ಯಾರೂ ಕೇಳಲಿಲ್ಲ. ಊಟಕ್ಕೆ ಹೊತ್ತಾಗಿತ್ತು.

ಕಳೆದ ಆಷಾಢದಲ್ಲಿ ನಡೆದದ್ದನ್ನು ಹೇಳುತ್ತೇನೆ. ನನ್ನ ಜೀಪು ಗುಡ್ಡದ ಹೆಗಲ ಮೇಲಿನ ಒಂದು ಊರಿನಲ್ಲಿತ್ತು. ನಮ್ಮವರು ಕೆಳಗೆ, ಹಳ್ಳದ ಆಚೆಯ ನಾಲ್ಕು ಮನೆಗಳ ವಸತಿಗೆಂದು ಹೊರಟಿದ್ದರು. ಮಧ್ಯಾಹ್ನ ಮಳೆ ಹಿಡಿಯಿತು. ಶಾಲೆಯ ಕಟ್ಟೆಯ ಮೇಲೆ ನಾನು ಮಕ್ಕಳ ತೋಳು ನೋಡುತ್ತಿದ್ದೆ. ಪಕ್ಕದಲ್ಲಿ ನಿಂತಿದ್ದ ಜೀಪಿನ ಯಂತ್ರ ಮಾತಾಡಿತು.

“ಗಾಡಿ ಎರಡ, ಗಾಡಿ ಎರಡ. ಹಳ್ಳದ ದಂಡ್ಯಾಗ ಗಾಡಿ ಹುಗದೈತಿ. ಜಾಕ್ ಜಾರಿ ಯಲಗೂರಪ್ಪನ ಕೈ ಜಜ್ಜೈತಿ, ಭಾಳ ರಕ್ತ ಹೋಗಾಕತ್ತೈತಿ. ಕೇಳಸಾಕತ್ತೈತೇನು?”

“ಕೇಳಸಾಕತ್ತೈತ್ರಿ,” ಎಂದೆ. “ಈಗ ಹೊಂಡ್ತೇವಿ. ಕೈ ಮ್ಯಾಲೆತ್ತಿ ಬಿಗಿಯಾಗಿ ಅರಿವಿ ಕಟ್ರಿ. ಅಲ್ಲೇ ಇರ್ರಿ.”

“ಗಾಡಿ ಎರಡ. ಕೇಳಸಾಕತ್ತೈತೇನು?”

ಮತ್ತೆ ಹೇಳಿದೆ. ಕೂಗಿ ಹೇಳಿದೆ. ಅವರ ದನಿಯ ಹಿಂದೆ ಅವರ ಜೀಪಿನ ಇಂಜಿನ್ ಗುಡುಗುವುದು ನನಗೆ ಕೇಳುತ್ತಿತ್ತು. ನನ್ನ ಮಾತು ಅವರಿಗೆ ಮುಟ್ಟುತ್ತಿಲ್ಲವೆಂದು ಆಗಲೇ ಅರ್ಥವಾಯಿತು.

ಅವರು ಇಂಜಿನ್ ನಿಲ್ಲಿಸುವಂತಿರಲಿಲ್ಲ. ಆಷಾಢವಿಡೀ ಮಳೆಯಲ್ಲಿ ನೆನೆದ ಬ್ಯಾಟರಿ, ನಿಮ್ಮ ಚಂದದ ಯಂತ್ರ ಅದನ್ನು ಹೀರಿ ಹಾಕಿತ್ತು. ನಿಲ್ಲಿಸಿದರೆ ಯಂತ್ರವೂ ಸಾಯುತ್ತದೆ, ಇಂಜಿನ್ನೂ ಮತ್ತೆ ಏಳುವುದಿಲ್ಲ. ಜೀಪಿನ ಮೂತಿ ಕೆಸರಲ್ಲಿ ಹುಗಿದಿದ್ದರಿಂದ ಮುಂದಿನಿಂದ ಹ್ಯಾಂಡಲ್ ಹಾಕಿ ಇಂಜಿನ್ ತಿರುವಲೂ ಬರುವಂತಿರಲಿಲ್ಲ. ನಡೆಸಿದರೆ ಮಾತಾಡಬಹುದು, ಕೇಳಲಾಗದು. ನಿಲ್ಲಿಸಿದರೆ ಮಾತೂ ಇಲ್ಲ, ಕೇಳುವುದೂ ಇಲ್ಲ. ಎರಡೂ ಕಡೆಯ ಮಾತಿನ ಯಂತ್ರವೆಂದು ನೀವು ಭಾಷಣದಲ್ಲಿ ಹೇಳಿದ್ದು ಇದಕ್ಕೇ ಏನು?

ನಾಮದೇವ ಇಂಜಿನ್ ಚಾಲೂ ಮಾಡಿದ. ಅದರೊಂದಿಗೆ ನನ್ನ ಯಂತ್ರದಲ್ಲೂ ಗರಗರ ತುಂಬಿ ಅವರ ದನಿ ಮುಳುಗಿತು. ನಾನು ತಡೆಯೆಂದೆ. ಅವನು ನಿಲ್ಲಿಸಿದ. ದನಿ ಮತ್ತೆ ಬಂತು. ನಮ್ಮ ಮನೆಯಲ್ಲಿ ಅವರು ನನ್ನನ್ನು ಹೆಸರು ಹಿಡಿದು ಕರೆದದ್ದು ಕಡಿಮೆ, ಹಿರಿಯರಿದ್ದ ಮನೆ. ಆಗ ಕರೆದರು.

“ಕಾಂಚನಾ. ಇದ್ದೀಯೇನು? ಯಾರೂ ಇಲ್ಲೇನು ಅಲ್ಲೆ?”

“ಇದ್ದೇನ್ರಿ! ಇಲ್ಲೇ ಇದ್ದೇನಿ!” ಎಂದೆ.

“ಬಾಯಿ, ಕಾಯ್ ಕರೂ?” ಎಂದು ನಾಮದೇವ ಕೇಳಿದ. ಅಕ್ಕಾ, ಏನು ಮಾಡಲಿ ಎಂದು. ನಿಂತರೆ ಗಂಡನ ದನಿ ಕೇಳಬಹುದು, ಹೋದರೆ ಗಂಡನ ಹತ್ತಿರ ಮುಟ್ಟಬಹುದು. ಎರಡೂ ಒಟ್ಟಿಗೆ ಆಗದಂತೆ ನಿಮ್ಮ ಕಚೇರಿ ವ್ಯವಸ್ಥೆ ಮಾಡಿತ್ತು. “ಚಲ್,” ಎಂದೆ. ದನಿ ಹೋಯಿತು.

ನಡುವೆ ಒಂದು ತಿರುವಿನಲ್ಲಿ ನಿಲ್ಲಿಸಿ ಕಿವಿಗೊಟ್ಟೆವು. ಸುಯ್ಯೆನ್ನುವ ಸದ್ದು ಮಾತ್ರ.

ನಾವು ಮುಟ್ಟಿದಾಗ ಇನ್ನೂ ಬೆಳಕಿತ್ತು. ಜೀಪು ಹುಗಿದಲ್ಲೇ ಇತ್ತು, ನೀರು ಅದನ್ನು ಮುಟ್ಟಿರಲಿಲ್ಲ. ಯಲಗೂರಪ್ಪ ಹಿಂದಿನ ಸೀಟಿನಲ್ಲಿ ಬೆಳ್ಳಗಾಗಿ ಮಲಗಿದ್ದ. ಅವನ ಕೈಗೆ ನಮ್ಮವರ ಧೋತರದ ಅರ್ಧ ಸುತ್ತಿತ್ತು.

“ಸಾಹೇಬ್ರು ಕರದು ಕರದು ಸಾಕಾದ್ರು ಅಕ್ಕಾರ,” ಎಂದ. “ಪೆಟಗ್ಯಾಗ ಬರೇ ಗರಗರ. ಯಾರೂ ಕೇಳಾಕತ್ತಿಲ್ಲ ಯಲಗೂರಪ್ಪಾ, ಯಾರೂ ಬರೂದಿಲ್ಲ, ನಾನ ಹಳ್ಳ ದಾಟಿ ಹೋಗಿ ಮಂದೀನ ಕರಕೊಂಡ ಬರ್ತೇನಿ, ನೀ ರಕ್ತ ಸೋರಿ ಸಾಯ್ತೀ ಅಂದ್ರು. ನಾ ಬ್ಯಾಡ್ರಿ ಅಂದೆ. ಅಂಗಿ ಹಿಡದೆ. ಒಂದ ಕೈಲೆ ಎಷ್ಟ ಹಿಡೀಲಿ ಅಕ್ಕಾರ?”

ಹಳ್ಳ ತುಂಬಿ ಕೆಂಪಾಗಿ ಹರಿಯುತ್ತಿತ್ತು. ನಾನು ಯಲಗೂರಪ್ಪನ ಕಟ್ಟು ಬಿಚ್ಚಿ, ತೊಳೆದು, ಮತ್ತೆ ಕಟ್ಟಿದೆ. ಗಂಟು ಸರಿಯಾಗಿ ಬಿತ್ತು. ನಾಮದೇವ ದಂಡೆಗುಂಟ ಕೂಗುತ್ತ ಓಡಿದ. ನಾನು ಕೂಗಲಿಲ್ಲ. ಮರುದಿನ ಕೆಳಗಿನ ಊರಿನವರು ಅವರನ್ನು ಬಾಗೆಯ ಮರದ ಬೇರಿನಿಂದ ಬಿಡಿಸಿ ತಂದರು. ಬಂದವರಿಗೆಲ್ಲ ನಾನೇ ಚಹಾ ಮಾಡಿ ಕೊಟ್ಟೆನಂತೆ. ನನಗೆ ನೆನಪಿಲ್ಲ. ಅತ್ತೆ ಬಾಳಕ್ಕ ನನ್ನ ಮುಂದೆ ಕೂತು, “ಅಳು ನಮ್ಮವ್ವಾ, ಒಮ್ಮೆ ಅತ್ತುಬಿಡು,” ಎಂದು ಈಗಲೂ ಹೇಳುತ್ತಾರೆ. ಆದೀತು ಎನ್ನುತ್ತೇನೆ.

ಯಲಗೂರಪ್ಪ ಬದುಕಿದ್ದಾನೆ. ಎರಡು ಬೆರಳು ಹೋದವು, ಗಾಡಿ ಬಿಟ್ಟು ಊರಲ್ಲಿ ಕಬ್ಬಿನ ಗಾಣಕ್ಕೆ ಹೋಗುತ್ತಾನೆ.

ನಿಮ್ಮ ಕಚೇರಿ ವಿಚಾರಣೆ ಮಾಡಿತು. ಜೀಪನ್ನು ಕೆಸರಿನಿಂದ ಎಳೆಸಿ, ಕೊಲ್ಲಾಪುರಕ್ಕೆ ಒಯ್ದು, ತೊಳೆದು, ಹೊಸ ಬ್ಯಾಟರಿ ಹಾಕಿ, ಅದೇ ಮೈದಾನದಲ್ಲಿ, ಇಂಜಿನ್ ಬಂದ್ ಮಾಡಿ ಯಂತ್ರವನ್ನು ಪರೀಕ್ಷಿಸಿದಿರಂತೆ. ಯಂತ್ರ ಸುಸ್ಥಿತಿಯಲ್ಲಿದೆ, ಮೃತರು ಅನುಮತಿಯಿಲ್ಲದೆ ವಾಹನವನ್ನು ಬಿಟ್ಟು ಹೋದರು ಎಂದು ತೀರ್ಮಾನವಾಯಿತು. ಅನುಮತಿಯನ್ನು ಯಾರಲ್ಲಿ ಕೇಳಬೇಕಿತ್ತು, ಮಾನ್ಯರೇ? ಯಾವುದರ ಮೂಲಕ ಕೇಳಬೇಕಿತ್ತು?

ವೈರ್‌ಲೆಸ್ ಬರುವ ಮೊದಲೂ ನಮ್ಮ ಜೀಪುಗಳು ಹುಗಿಯುತ್ತಿದ್ದವು. ಆಗ ನಮ್ಮ ನಮ್ಮಲ್ಲೇ ಒಂದು ಕಟ್ಟಳೆಯಿತ್ತು. ಹುಗಿದ ಜೀಪಿನವರು ಜೀಪು ಬಿಟ್ಟು ಕದಲಬಾರದು, ಇನ್ನೊಂದು ಜೀಪು, ಅವರು ಮೊದಲೇ ಹೇಳಿ ಹೋದ ಹಾದಿ ಹಿಡಿದು, ಹುಡುಕಿ ಬರಬೇಕು. ಒಮ್ಮೆ ನಾನು ಹಾಗೆ ಹೋದಾಗ ನಮ್ಮವರು ಪುಟಾಣಿ ಕಡಲೆ ತಿಂದು ಹೊಟ್ಟೆಯ ಮೇಲೆ ಟೊಪ್ಪಿಗೆ ಇಟ್ಟುಕೊಂಡು ನಿದ್ದೆ ಮಾಡುತ್ತಿದ್ದರು. ಯಾರೋ ಬರುತ್ತಾರೆಂಬ ನಂಬಿಕೆ ಅಷ್ಟು ಗಟ್ಟಿಯಿತ್ತು. ನಿಮ್ಮ ಯಂತ್ರ ಆ ನಂಬಿಕೆಯನ್ನು ತೆಗೆದುಹಾಕಿತು. ಕರೆದರೂ ಉತ್ತರ ಬಾರದಿದ್ದರೆ ಯಾರೂ ಬರುವುದಿಲ್ಲವೆಂದೇ ಮನುಷ್ಯ ತಿಳಿಯುತ್ತಾನೆ. ಯಂತ್ರವೇ ಇಲ್ಲದಿದ್ದರೆ ಅವರು ಕಾಯುತ್ತಿದ್ದರು. ಇದನ್ನು ನಾನು ಸಿಟ್ಟಿನಿಂದ ಹೇಳುತ್ತಿಲ್ಲ. ಸಿಟ್ಟು ಬರಲೆಂದು ಕಾದೆ, ಬರಲಿಲ್ಲ. ಇದ್ದದ್ದನ್ನು ಹೇಳುತ್ತಿದ್ದೇನೆ.

ಪರಿಹಾರ ಕೇಳುತ್ತಿಲ್ಲ, ನಿಮ್ಮ ಕ್ಷಮೆಯೂ ಬೇಡ. ನನ್ನ ಬೇಡಿಕೆ ಒಂದೇ. ಹೊಸ ಯಂತ್ರಗಳಿಗೆ ಸಹಿ ಹಾಕುವ ಮೊದಲು ಈ ಆಷಾಢದಲ್ಲಿ ತಾವು ಇಲ್ಲಿಗೆ ಬನ್ನಿ. ಆ ಹಳ್ಳದ ದಂಡೆಗೆ ಜೀಪು ಇಳಿಸಿ, ಮಳೆಯಲ್ಲಿ, ಇಂಜಿನ್ ಚಾಲೂ ಇಟ್ಟು ಕೂತುಕೊಳ್ಳಿ. ನಾನು ಮೇಲೆ ಶಾಲೆಯ ಹತ್ತಿರ ಇನ್ನೊಂದು ಜೀಪಿನಲ್ಲಿರುತ್ತೇನೆ. ಗಾಡಿ ಎರಡ ಎಂದು ಕರೆಯಿರಿ. ನಾನು ಉತ್ತರ ಕೊಡುತ್ತೇನೆ, ನೀವು ಎಷ್ಟು ಸಲ ಕರೆದರೂ ಕೊಡುತ್ತೇನೆ. ಅದು ನಿಮಗೆ ಕೇಳಿಸಿದರೆ ಸಹಿ ಹಾಕಿ.

ಇಂತಿ,
ಆ ದಿನ ಎಲ್ಲ ಕರೆಗಳಿಗೂ ಉತ್ತರ ಕೊಟ್ಟ
ಕಾಂಚನ ಭೂಪಾಲ ಚೌಗುಲೆ
ದಾದಿ, ಗಾಡಿ ನಂಬರ ಎರಡು, ಗಡಹಿಂಗ್ಲಜ