ಮೂರನೇ ಮಡಿಯ ಹಳದಿ

ಆಗಸ್ಟ್ ೨೬, ಬೆಳಿಗ್ಗೆ ೬.೪೦, ತುರ್ವಿಹಾಳ ಬಸ್ಸು

ಸಕಲರಿಗೂ ತಿಳಿಯಪಡಿಸುವುದೇನೆಂದರೆ — ಇಂದಿನಿಂದ ನನ್ನ ಕೊರಳಲ್ಲಿ ಒಂದು ಪ್ಲಾಸ್ಟಿಕ್ ಪಟ್ಟಿ ಇದೆ. ದಾರ ನೀಲಿ. ಪಟ್ಟಿಯಲ್ಲಿ ಆರು ಹಸಿರು. ಒಂದು ಅಂದರೆ ಹಳದಿಗೆ ಹತ್ತಿರ, ಆರು ಅಂದರೆ ಕಡುಹಸಿರು. ಭತ್ತದ ಎಲೆಯನ್ನು ಅದರ ಮೇಲಿಟ್ಟು ನಂಬರ್ ಬರೆಯುವುದು. ಇದೇ ನಮ್ಮ ಬಿ.ಎಸ್ಸಿ. ಪ್ರಾಜೆಕ್ಟ್. ಕಂಡಕ್ಟರ್ "ಏನವ್ವ, ಸೀರಿ ಸ್ಯಾಂಪಲ್ಲಾ?" ಅಂದ. ವಿಜ್ಞಾನಿಗಳು ಉತ್ತರಿಸುವುದಿಲ್ಲ.

ಅಮರಗುಂಡಪ್ಪನವರ ಹೊಲದಲ್ಲಿ ಮೂರು ಮಡಿ. ಮೊದಲನೆಯದಕ್ಕೆ ಅವರ ರೂಢಿಯಂತೆ ಯೂರಿಯಾ. ಎರಡನೆಯದಕ್ಕೆ ಪಟ್ಟಿ ನೋಡಿ, ಎಲೆ ಹಳದಿಗೆ ತಿರುಗಿದಾಗ ಮಾತ್ರ. ಮೂರನೆಯದಕ್ಕೆ ಏನೂ ಇಲ್ಲ — ಅದು ಕಂಟ್ರೋಲ್. ಅದಿಲ್ಲದೆ ಉಳಿದೆರಡನ್ನು ಹೋಲಿಸುವುದು ಯಾವುದಕ್ಕೆ?

ನಮ್ಮ ಗೈಡ್ ಬಾಟನಿಯ ಶಿವಕುಮಾರಿ ಮೇಡಂ. ಅವರದು ಒಂದೇ ಕಾನೂನು: "ಪೆನ್ನಿಲೆ ಬರಿ. ತಪ್ಪಾದ್ರ ಒಂದ್ ಗೀಟು ಹೊಡಿ. ಕೆಳಗಿಂದು ಕಾಣಬೇಕು." ನವೆಂಬರ್‌ನಲ್ಲಿ ಲಿಂಗಸುಗೂರಿನಲ್ಲಿ ಸೆಮಿನಾರ್. ಕಾಲೇಜಿನಿಂದ ಒಂದೇ ತಂಡ. ನಮ್ಮ ಹೆಸರು ಕೊಟ್ಟಾಗಿದೆ.

ಸೆಪ್ಟೆಂಬರ್ ೨

ಕಂಟ್ರೋಲ್: ಎರಡು. ಹೀಗೇ ಆಗಬೇಕು. ಅಮರಗುಂಡಪ್ಪ ಬದುವಿನ ಮೇಲೆ ನಿಂತು ಮಡಿ ನೋಡಿದರು, ನನ್ನನ್ನು ನೋಡಿದರು — ಆಸ್ಪತ್ರೆಯಲ್ಲಿ ರೋಗಿಯ ಕಡೆಯವರನ್ನು ನೋಡುವ ಹಾಗೆ.

ಸೆಪ್ಟೆಂಬರ್ ೯, ೭.೦೦

ಕಂಟ್ರೋಲ್: ಐದು. ಹತ್ತು ಎಲೆ, ಹತ್ತೂ ಐದು. ಗೊಬ್ಬರವೇ ಬೇಡದ ಭತ್ತ ಕಂಡುಹಿಡಿದಿದ್ದೇವೆ. ಪಾರ್ಟ್‌ನರ್ ರಾಜೇಶ ಫೋಟೊ ತೆಗೆದ. "ಭಾಷಣ ಕನ್ನಡದಾಗ ಮಾಡ್ತೀಯೋ, ಇಂಗ್ಲಿಷಿನ್ಯಾಗೋ?"

೭.೩೦

ಆವಿಷ್ಕಾರ ಹಿಂಪಡೆಯಲಾಗಿದೆ.

"ನಾನೇ ಹಾಕೀನವ್ವ ಎರಡು ಬೊಗಸಿ ಯೂರಿಯಾ," ಅಂದರು ಅಮರಗುಂಡಪ್ಪ. "ನೀ ಹೋದ ದಿನ, ಸಂಜೀಕ."

"ಯಾಕ್ರೀ ಕಾಕಾ?"

"ನಿಂದೊಂದೇ ಮಡಿ ಹಳದಿ ಬಿದ್ದಿತ್ತು. ಹುಡುಗಿ ಫೇಲ್ ಆಕ್ಕಾಳ ಅಂತ ನಮ್ಮನಿಯಾಕಿ ಉಣ್ಣೋದ ಬಿಟ್ಟಿದ್ಲು. ಮ್ಯಾಲ ಈ ರಸ್ತಾದಾಗ ಬೀಗರು ಅಡ್ಡಾಡ್ತಾರ. ಅಮರಗುಂಡಪ್ಪಗ ಒಕ್ಕಲುತನ ಮರ್ತೈತಿ ಅಂದ್ರ?"

ಚಹಾ ಕೊಟ್ಟರು. ಕುಡಿದೆ.

ಬಸ್ಸಿನಲ್ಲಿ ರಾಜೇಶ: "ಎರಡು ಅಂತ ಬರದ ಬಿಡು. ಯಾರು ಬಂದು ಎಲಿ ಕೇಳ್ತಾರ?"

ಸೆಪ್ಟೆಂಬರ್ ೧೩

ಇಲ್ಲಿ ನಾಲ್ಕು ದಿನ ಬರೆದಿಲ್ಲ. ಫೀಲ್ಡ್ ಬುಕ್ಕಿನಲ್ಲಿ ಮಾತ್ರ ಬರೆದಿದ್ದೆ — 'ಎರಡು'. ಅಕ್ಷರ ಬಹಳ ಚೆಂದ ಬಂದಿತ್ತು. ಸುಳ್ಳು ಬರೆಯುವಾಗ ಇಷ್ಟು ದುಂಡಗೆ ಬರುತ್ತದೆಂದು ಗೊತ್ತಿರಲಿಲ್ಲ. ಇಂದು ಗೀಟು ಹೊಡೆದೆ. ಪಕ್ಕದಲ್ಲಿ 'ಐದು' ಎಂದು ಬರೆದು ಮೇಡಂ ಮುಂದಿಟ್ಟೆ.

"ಇದ್ಯಾಕ ಹೊಡದಿ?"

ಎಲ್ಲ ಹೇಳಿದೆ. ಅವರು ಗೀಟನ್ನೇ ನೋಡುತ್ತ ಕುಳಿತರು.

"ನನ್ನ ಎಂ.ಎಸ್ಸಿ.ಯೊಳಗ ಇಂಥದ್ದೇ ಒಂದು ನಂಬರ್ ಇತ್ತು... ನಾ ಗೀಟು ಹೊಡಿಲಿಲ್ಲ."

ಬುಕ್ಕು ಮುಚ್ಚಿ ನನ್ನ ಕಡೆ ಸರಿಸಿದರು.

"ಹಿಂದಿನ ರೀಡಿಂಗ್ ಎಲ್ಲಾ ಹೋತು. ಸೆಮಿನಾರಿಗೆ ಏಳು ವಾರ. ಹೊಸ ಹೊಲ ಸಿಗದಿದ್ರ ನಿಮ್ಮ ಹೆಸರು ನಾನೇ ತಗಸ್ತೀನಿ. ಮೊದಲಿಂದ ಮಾಡಾಕ ದಮ್ ಐತೇನು?"

"ಐತ್ರೀ."

ಇತ್ತೋ ಇಲ್ಲವೋ. ಹೇಳಿಯಾಗಿದೆ.

ಸೆಪ್ಟೆಂಬರ್ ೧೬

ಅಮರಗುಂಡಪ್ಪನವರಿಗೆ ಕಾಲುವೆಯ ಕೊನೆಗೆ ಇನ್ನೊಂದು ಹೊಲವಿದೆ. ನೀರು ತಡ, ನಾಟಿ ತಡ, ಯೂರಿಯಾ ಇನ್ನೂ ಬಿದ್ದಿಲ್ಲ. ಅದೂ ರಸ್ತೆ ಪಕ್ಕವೇ — ನನ್ನ ಹಣೆಬರಹ. ಮೂರು ಮಡಿ ಕೇಳಿದೆ.

"ಮತ್ತ ಹಳದಿ?"

"ಮತ್ತ ಹಳದಿ ರೀ."

"ಮಾರ್ಕ್ಸ್ ನಿಂಗ, ಹೋಗೋ ಮರ್ಯಾದಿ ನಂದು."

ಒಳಗಿನಿಂದ ಅವರ ಹೆಂಡತಿ ಪಾರ್ವತೆಮ್ಮ: "ಕಾಲೇಜಿಂದು ಅಂತ ಒಂದು ಬೋರ್ಡ್ ಹಚ್ರಿ. ಅದಕ್ಯಾಕ ಜಗಳಾಡಾಕತ್ತೀರಿ?"

ತೀರ್ಪು ಬಂತು. ಪೇಂಟ್ ತಂದವನು ರಾಜೇಶ. ಮುಖ ಕೆಳಗೆ ಹಾಕಿಕೊಂಡೇ ತಂದ. ಬೋರ್ಡಿನ ಒಕ್ಕಣೆ ಅಮರಗುಂಡಪ್ಪನವರದೇ: 'ಈ ಹಳದಿ ಕಾಲೇಜಿನದು. ಹೊಲದ ಮಾಲೀಕರು ನಿರ್ದೋಷಿ.'

ಸೆಪ್ಟೆಂಬರ್ ೩೦, ಬೆಳಿಗ್ಗೆ ೭.೧೫

ಕಂಟ್ರೋಲ್: ಎರಡು. ಹತ್ತೂ ಎಲೆ. ಪೆನ್ನಿನಲ್ಲಿ. ಎರಡಕ್ಕೆ ಇಷ್ಟು ಹಿಗ್ಗಿದ ವಿದ್ಯಾರ್ಥಿ ಮೂರು ತಾಲ್ಲೂಕಿನಲ್ಲಿ ಇರಲಾರಳು. ಇನ್ನು ಮೂರು ವಾರ ಹೀಗೇ ಉಳಿದರೆ ಲಿಂಗಸುಗೂರು.

ಆದರೆ ಈಗಷ್ಟೇ ಮಸ್ಕಿಯ ಕಡೆಯವರೊಬ್ಬರು ಬೈಕ್ ನಿಲ್ಲಿಸಿ, ಬೋರ್ಡ್ ಓದಿ, ಪೈರು ನೋಡಿ ಲೊಚಗುಟ್ಟಿದರು. ಊರತುಂಬ ಕರುಣಾಳುಗಳು.

ಆದ್ದರಿಂದ, ಈ ಪುಟ ಕದ್ದು ಓದುತ್ತಿರುವವರೇ — ಆ ದಾರಿಯಲ್ಲಿ ಹೋದರೆ, ಬೋರ್ಡ್ ವಾಲಿದ್ದರೆ ಒಂಚೂರು ನೆಟ್ಟಗೆ ಮಾಡಿ. ಪೈರು ನೋಡಿ ಮರುಗಬೇಡಿ. ಕೈಯಲ್ಲಿ ಯೂರಿಯಾ ಇದ್ದರೆ ದಯವಿಟ್ಟು...