ತಿನ್ನದೆ ಬಿಟ್ಟ ಒಂದು ಹಿಡಿ

ಕಾರೇಹಟ್ಟಿ ಒಣಮನೆ, ವೇದಾವತಿ ದಂಡೆ
ಫೆಬ್ರವರಿ ಮೂವತ್ತು, ೨೨೩೧

ಹಿಂದಿನ ಕಾಲದ ಹಿರಿಯರೇ,

ಫೆಬ್ರವರಿಗೆ ಮೂವತ್ತನೇ ದಿನ ಎಲ್ಲಿಂದ ಬಂತು ಎಂದು ನಗಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಉಳಿದ ಐದು ದಿನಗಳನ್ನು ಮಳೆಗೆಂದು ಬಿಟ್ಟಿದ್ದೇವೆ, ಅವಕ್ಕೆ ತಾರೀಖಿಲ್ಲ. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವಾಗಿ ಕೇಳಿಸಬಹುದು. ಅದಕ್ಕೆ ಒಮ್ಮೆ ಕ್ಷಮೆ ಕೇಳುತ್ತೇನೆ, ಎರಡನೇ ಸಲ ಕೇಳುವುದಿಲ್ಲ. ಈ ಕಾಗದದಲ್ಲಿ ತಪ್ಪು ಒಪ್ಪಿಕೊಳ್ಳಬೇಕಾದವರಲ್ಲಿ ನೀವೂ ಇದ್ದೀರಿ.

ನನ್ನ ಹೆಸರು ಓಬಕ್ಕ. ಈ ಊರಿನ ಒಣಮನೆಯ ಕೀಲಿ ನನ್ನ ಸೊಂಟದಲ್ಲಿದೆ. ಒಣಮನೆ ಎಂದರೆ ಊರಿನ ಅಷ್ಟೂ ಮನೆಯ ಕಾಳುಕಡಿಯನ್ನು ಒಟ್ಟಿಗೆ ಒಣಗಿಸಿ ಕಾಯುವ ಜಾಗ. ನಿಮ್ಮ ಕಾಲದಲ್ಲಿ ಶೇಂಗಾ ಕಿತ್ತು ಅಂಗಳದಲ್ಲಿ ಹರಡಿದರೆ ಸಾಕಿತ್ತಂತೆ, ಮಿಕ್ಕಿದ್ದನ್ನು ಬಿಸಿಲೇ ನೋಡಿಕೊಳ್ಳುತ್ತಿತ್ತಂತೆ. ನಮಗೆ ಶೇಂಗಾ ಕೀಳುವ ವಾರವೇ ಮಳೆ ಹಿಡಿಯುತ್ತದೆ. ಬಿಸಿಗಾಳಿ ಹಾಯುವ ಅಟ್ಟಣೆಗಳ ಮೇಲೆ ಹಸಿ ಕಾಯಿ ಹರಡಿ ಆರು ದಿನ ಕೈಯಾಡಿಸುತ್ತೇವೆ. ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿದರೆ ಒಳಗಿನ ಬೀಜ ಸದ್ದು ಮಾಡಬೇಕು. ಆಮೇಲೆ ಸುಲಿದು ನೀಲಿದೀಪದ ಕೆಳಗೆ ಸುರಿಯುತ್ತೇವೆ. ಬೂಷ್ಟು ಕೂತ ಬೀಜ ಆ ಬೆಳಕಿನಲ್ಲಿ ಹಸಿರಾಗಿ ಮಿನುಗುತ್ತದೆ. ದೀಪ ಬರೀ ಸುಳಿವು ಕೊಡುತ್ತದೆ. ಅನುಮಾನ ಬಂದ ರಾಶಿಯನ್ನು ಪುಡಿ ಮಾಡಿ, ಕದಡಿ, ಅದರಲ್ಲಿ ವಿಷಪಟ್ಟಿ ಅದ್ದುತ್ತೇವೆ. ಪಟ್ಟಿ ಕೆಂಪಾದರೆ ಆ ರಾಶಿಯನ್ನು ಹಿತ್ತಲಿನ ಉರಿಗುಂಡಿಗೆ ಹಾಕಬೇಕು. ಹುರಿದರೂ ಬೇಯಿಸಿದರೂ ಸಾಯುವ ವಿಷವಲ್ಲ ಅದು. ವಾಸನೆಯಿಲ್ಲ, ಕಹಿಯಿಲ್ಲ. ಮೇಲಿನ ಬೂಷ್ಟನ್ನು ಒರೆಸಿ ಹಾಕಿದರೂ ಒಳಗೆ ಉಳಿದಿರುತ್ತದೆ.

ಇಷ್ಟೆಲ್ಲ ತಿಳಿದ ಊರಿನಲ್ಲಿ ಹಿಡಿಸಾಕ್ಷಿ ಎಂಬ ಒಂದು ಪದ್ಧತಿ ಇನ್ನೂ ಉಳಿದಿದೆ. ಪಟ್ಟಿ ಕೆಂಪಾದ ಮೇಲೂ ರಾಶಿಯ ಒಡೆಯ ಒಪ್ಪದಿದ್ದರೆ, ಕೀಲಿ ಇಟ್ಟುಕೊಂಡವರು ಅದರಿಂದ ಒಂದು ಹಿಡಿ ತೆಗೆದು ಹತ್ತು ಜನರ ಮುಂದೆ ತಿನ್ನಬೇಕು. ಮರುದಿನ ಅವರು ಎದ್ದು ಓಡಾಡಿದರೆ ರಾಶಿ ಉಳಿಯಿತು, ದನಕ್ಕಾದರೂ ಹಾಕಬಹುದು. ನನ್ನ ಅಪ್ಪ ಪಾಲಯ್ಯ ಇಪ್ಪತ್ತೆರಡು ವರ್ಷ ಹೀಗೆ ತಿಂದ. ಯಾರ ಬೆಳೆಯೂ ಬೂದಿಯಾಗಬಾರದು ಎಂಬ ಒಳ್ಳೆಯ ಮನಸ್ಸು ಅವನದು. ಪ್ರತಿ ಸಲವೂ ಮರುದಿನ ಮೀಸೆ ತಿರುವಿಕೊಂಡು ಬರುತ್ತಿದ್ದ, ಜನ ಚಪ್ಪಾಳೆ ತಟ್ಟುತ್ತಿದ್ದರು. ಐವತ್ತೊಂದನೇ ವಯಸ್ಸಿಗೆ ಅವನ ಕಣ್ಣು ಹಳದಿಯಾಯಿತು, ಹೊಟ್ಟೆ ಊದಿತು, ತೊಡೆ ನನ್ನ ಮೊಣಕೈಯಷ್ಟಾಯಿತು. ನೀವು ಲಿವರ್ ಎನ್ನುತ್ತಿದ್ದ ಅಂಗದಲ್ಲಿ ಗಡ್ಡೆ ಬೆಳೆದಿತ್ತು. ಚಪ್ಪಾಳೆ ತಟ್ಟಿದವರೇ ಬಂದು ಅವನನ್ನು ಹೊತ್ತರು, ಅವರಲ್ಲಿ ಒಬ್ಬರಿಗೂ ಅದು ಆ ಹಿಡಿಗಳ ಕೆಲಸ ಎನ್ನಿಸಲಿಲ್ಲ.

ಈ ಪದ್ಧತಿ ಆಕಾಶದಿಂದ ಉದುರಲಿಲ್ಲ. ನಮ್ಮ ಮುತ್ತಜ್ಜಿಯರು ಹೇಳುತ್ತಾ ಬಂದಿದ್ದಾರೆ: ನೀವು ಮೊರ ಹಿಡಿದು ಕೂತು ದಪ್ಪ ಬೀಜವನ್ನು ಮಾರಲು ಇಡುತ್ತಿದ್ದಿರಿ, ಸಣ್ಣದನ್ನು ಮನೆಗೆ, ಕಪ್ಪಗೆ ಸುಕ್ಕಾಗಿ ಬೂಷ್ಟು ಹಿಡಿದದ್ದನ್ನು ಎಮ್ಮೆಗೆ ಕಲಗಚ್ಚು ಇಡುವ ಬಾನಿಗೆ. ಚೆಲ್ಲಲು ಮನಸ್ಸು ಬರದೆ "ದನಕ್ಕಾದ್ರೂ ಆಗ್ಲಿ ಬಿಡು" ಎನ್ನುತ್ತಿದ್ದಿರಿ. ಎಮ್ಮೆ ಪಾಪ, ಕೊಟ್ಟದ್ದನ್ನು ತಿಂದಿತು. ತಿಂದದ್ದರಲ್ಲಿ ಒಂದು ಪಾಲನ್ನು ಹಾಲಿನಲ್ಲಿ ವಾಪಸು ಕೊಟ್ಟಿತು, ನೀವು ಅದನ್ನು ಕಾಯಿಸಿ ಮಗುವಿಗೆ ಕುಡಿಸಿದಿರಿ. ಅನ್ನ ಚೆಲ್ಲಬಾರದು ಎಂಬ ನಿಮ್ಮ ಮರ್ಯಾದೆಯನ್ನು ನಾನು ಗೌರವಿಸುತ್ತೇನೆ. ಆದರೆ ವಿಷಕ್ಕೆ ಆ ಮರ್ಯಾದೆ ಕೊಡಬೇಕಾಗಿರಲಿಲ್ಲ.

ಈ ವರ್ಷ ನಲವತ್ತು ಚೀಲಗಳ ಪಟ್ಟಿ ಕೆಂಪಾಗಿದೆ. ಮೇವು ಕಡಿಮೆ, ಎಮ್ಮೆಗಳ ಪಕ್ಕೆಲುಬುಗಳು ಕಾಣುತ್ತಿವೆ. ಊರಿನ ಕೂಟದ ಹಿರಿಯ ಬೋಸಯ್ಯ ಆ ಚೀಲಗಳನ್ನು ಗಾಣಕ್ಕೆ ಹಾಕಿಸಿ ಹಿಂಡಿ ಮಾಡಿಸಬೇಕೆಂದು ಹಟ ಹಿಡಿದಿದ್ದಾನೆ. ಆ ಎಮ್ಮೆಗಳ ಹಾಲು ಹೋಗುವುದು ಕೂಸಿನಮನೆಗೆ, ಎಂದರೆ ದೊಡ್ಡವರು ಕೆಲಸಕ್ಕೆ ಹೋದಾಗ ಮಕ್ಕಳನ್ನು ನೋಡಿಕೊಳ್ಳುವ ಮನೆಗೆ. ನನ್ನ ತಂಗಿಯ ಮಗಳು ಚಿನ್ನಕ್ಕ ಅಲ್ಲಿದ್ದಾಳೆ. ಮೂರು ವರ್ಷವಾದರೂ ಎರಡರ ಮಗುವಿನಷ್ಟೇ ಇದ್ದಾಳೆ. ಕಾರಣ ಇದೇ ಎಂದು ಆಣೆ ಮಾಡಿ ಹೇಳಲಾರೆ. ಇದಲ್ಲ ಎಂದು ಬೋಸಯ್ಯನೂ ಹೇಳಲಾರ.

ನಿನ್ನೆ ತಟ್ಟೆಯಲ್ಲಿ ಹಿಡಿ ಶೇಂಗಾ ತಂದು ನನ್ನ ಮುಂದೆ ಇಟ್ಟರು. ನಾನು ತಿನ್ನಲಿಲ್ಲ. ಬೋಸಯ್ಯ ತಾನೇ ಎತ್ತಿ ಬಾಯಿಗೆ ಹಾಕಿಕೊಂಡು, ಎಲ್ಲರಿಗೂ ಕೇಳುವಂತೆ ಅಗಿದು, "ನೋಡ್ರಪ್ಪಾ, ತಿಂದೆ, ನಿಂತೀನಿ. ಇಸ ಆಗಿದ್ರೆ ಬೀಳ್ಬೇಕಿತ್ತಲ್ಲ? ನಿಮ್ಮಪ್ಪನ ಮರ್ವಾದಿ ಕಳದೆ ಕಣವ್ವ" ಎಂದ. ಜನ ಚಪ್ಪಾಳೆ ತಟ್ಟಿದರು. ಹಿಡಿ ತಿನ್ನದವರ ಕೈಯಲ್ಲಿ ಕೀಲಿ ಇರಕೂಡದು ಎಂಬುದು ನಿಯಮ. ಇಂದು ಮಧ್ಯಾಹ್ನ ಅದನ್ನು ಒಪ್ಪಿಸಬೇಕು, ಈ ಊರಿನಲ್ಲಿ ಮುಂದೆ ನನಗೆ ಕೆಲಸವಿಲ್ಲ.

ಇರಲಿ. ಎಮ್ಮೆಗಳ ಹಸಿವು ಸುಳ್ಳಲ್ಲ, ಅದು ನನಗೂ ಗೊತ್ತು. ಅದಕ್ಕೆ ನನ್ನ ಪಾಲಿನ ಒಳ್ಳೆಯ ಶೇಂಗಾವನ್ನೆಲ್ಲ ಅವುಗಳ ಕೊಟ್ಟಿಗೆಗೆ ಬೆಳಗ್ಗೆಯೇ ಇಳಿಸಿ ಬಂದೆ. ಸಾಲುವುದಿಲ್ಲ, ಆದರೂ ಇಳಿಸಿದೆ.

ನಿಮ್ಮಿಂದ ನನಗೆ ಬೇಕಾದದ್ದು ಒಂದೇ. ಇವತ್ತು ನಿಮ್ಮ ಮೊರದಲ್ಲಿ ಕಪ್ಪು ಬೀಜ ಸಿಕ್ಕರೆ ಬಾಯಿಗೆ ಹಾಕಿ ನೋಡಬೇಡಿ, ಕೋಳಿಗೆ ಎರಚಬೇಡಿ, ಎಮ್ಮೆಯ ಬಾನಿಗೆ ಸುರಿಯಬೇಡಿ. ಏನೂ ಆಗುವುದಿಲ್ಲ ಎಂದು ತಿಂದು ತೋರಿಸುವ ಧೈರ್ಯವಂತ ನಿಮ್ಮ ಮನೆಯಲ್ಲಿದ್ದರೆ ಅವನ ಕೈ ಹಿಡಿದುಕೊಳ್ಳಿ. ನನ್ನ ಅಪ್ಪನ ಕೈಯನ್ನು ಒಬ್ಬರೂ ಹಿಡಿಯಲಿಲ್ಲ, ನಾನೂ ಹಿಡಿಯಲಿಲ್ಲ.

ಬಾಗಿಲ ಹತ್ತಿರ ಜನ ಸೇರುತ್ತಿದ್ದಾರೆ, ಬೋಸಯ್ಯನ ಕೆಮ್ಮು ಕೇಳಿಸುತ್ತಿದೆ. ಹಿತ್ತಲ ಉರಿಗುಂಡಿಯ ಹೊಗೆ ಅವನ ಗಂಟಲಿಗೆ ಹೋಗಿರಬೇಕು. ಕೀಲಿಯನ್ನು ಈಗಲೇ ಅವನ ಕೈಗೆ ಕೊಡುತ್ತೇನೆ, ತಕರಾರಿಲ್ಲ. ನಲವತ್ತು ಚೀಲಗಳನ್ನು ಬೆಳಗಿನಿಂದ ಒಬ್ಬಳೇ ಆ ಗುಂಡಿಗೆ ಹೊತ್ತು ಹಾಕಿದ್ದೇನೆ, ಬೆನ್ನು ಬಿದ್ದುಹೋಗಿದೆ. ಒಳಗೆ ಅವನಿಗೆ ತಿಂದು ತೋರಿಸಲು ಒಂದು ಹಿಡಿಯೂ ಉಳಿದಿಲ್ಲ.

ನಿಮ್ಮ ಮರಿಮಕ್ಕಳ ಮರಿಮಗಳು,
ಪಾಲಯ್ಯನ ಮಗಳು ಓಬಕ್ಕ